ಇರುವೆ ಮುಟ್ಟದ ಬುಟ್ಟಿ

ನನ್ನ ಹಾಳೆಯಲ್ಲಿ ಮೂರು ಅಂಕಣ:
ಊಟ, ಕಲೆ, ಸಮಾಜ.
ಶಿವಮೊಗ್ಗದಲ್ಲಿ ಗೈಡು ಸ್ಕೇಲು ಹಿಡಿದು ಗೆರೆ ಹಾಕಿಕೊಟ್ಟಿದ್ದರು,
ಒಂದರ ನೀರು ಇನ್ನೊಂದಕ್ಕೆ ಹರಿಯದ ಹಾಗೆ.

ಸಾಗರದಾಚೆ ಬಸ್ಸಿಳಿದು ಕನ್ನಮ್ಮನ ಜಗಲಿ ಹತ್ತಿದಾಗ
ಭೂಮಿ ಹುಣ್ಣಿಮೆಗೆ ಎರಡೇ ದಿನ.
ಗದ್ದೆಯಲ್ಲಿ ಪೈರು ಹೊಡೆ ತುಂಬಿತ್ತು,
ಬಸುರಿ ನೆಲಕ್ಕೆ ಬಯಕೆಯೂಟ ಹೊರಬೇಕು.
ಕೆಮ್ಮಣ್ಣು ಬಳಿದ ಬುಟ್ಟಿ ಅವಳ ತೊಡೆಯ ಮೇಲೆ ಬೋರಲು,
ಬೆರಳ ಸಂದಿಯಲ್ಲಿ ಪುಂಡಿನಾರಿನ ಕುಂಚ,
ಗೆರಟೆಯಲ್ಲಿ ಅರೆದ ಅಕ್ಕಿ.

ಮೊಮ್ಮಗ ಗೆರಟೆಗೆ ಬೆರಳದ್ದಿ ನೆಕ್ಕಿದ.
ಯಾರೂ ಬೈಯಲಿಲ್ಲ.
ನಾನು ಪೆನ್ನು ತೆಗೆದು ಕೂತೆ:
ಇದು ಯಾವ ಅಂಕಣಕ್ಕೆ?

"ಕಪ್ಪಿಗೆ ಏನು ಹಾಕ್ತೀರಿ?"
"ಅದೂ ಅಕ್ಕಿನೇ. ಸೀಯೂವರೆಗೆ ಹುರ್ದು ಅರೆಯೂದು."
"ಹಳದಿಗೆ?"
"ಗುರಿಗೆಕಾಯಿ. ಅದನ್ನ ಮಾತ್ರ ನೆಕ್ಕಬೇಡ ಮಾರಾಯ್ತಿ,
ರಾತ್ರಿಯೆಲ್ಲ ಹಿತ್ಲಲ್ಲೇ ಇರಬೇಕಾಗ್ತದೆ."

ಎಳೆಯ ಪಕ್ಕ ಎಳೆ, ಎಳೆಗೆ ಅಡ್ಡ ಎಳೆ.
ನಡುವೆ ಒಲೆ ಮೇಲೆ ಕುದಿ ಬಂತು,
ಎದ್ದು ಹೋಗಿ ಅದೇ ಕೈಯಲ್ಲಿ ಸೌಟು ತಿರುವಿ ಬಂದಳು.

ಆಮೇಲೆ ಅಟ್ಟದಿಂದ ಇಳಿಸಿದಳು ಇನ್ನೊಂದು ಬುಟ್ಟಿ.
ಅವಳವ್ವ ಬರೆದದ್ದು. ಹೊಗೆ ಹಿಡಿದಿದ್ದರೂ
ಒಂದು ಎಳೆಯೂ ಕಡಿದಿರಲಿಲ್ಲ.
"ಬೇರೆ ಎಲ್ಲ ಬುಟ್ಟಿ ಚಿತ್ತಾರ ಇರುವೆ ತಿಂದ್ವು, ಜಿರಲೆ ತಿಂದ್ವು.
ಇದನ್ನ ಮುಟ್ಲಿಲ್ಲ."

ಯಾಕೆ?

"ಆ ವರ್ಷ ಗೇಣಿ ಅಳೆದ ಮೇಲೆ
ಬಣ್ಣಕ್ಕೆ ಅರೆಯೂಕೂ ಅಕ್ಕಿ ಉಳೀಲಿಲ್ಲ.
ಅವ್ವ ಜೇಡಿಮಣ್ಣಲ್ಲಿ ಬರದ್ಲು.
ನಾವು ಕೊಡೂವಾಗ ಒಡೇರ ಕೊಳಗ ಹೊಟ್ಟೆ ಬಿಡ್ತಿತ್ತು,
ನಾವು ಸಾಲ ತರೂವಾಗ ಒಳಗೆ ಎಳ್ಕಳ್ತಿತ್ತು."
ಮ್ಯೂಸಿಯಮ್ಮಿನವರು ಇದನ್ನೇ ಬೇಕೆಂದರಂತೆ,
ಚೆನ್ನಾಗಿ ಉಳಿದಿದೆ ಅಂತ.

ನಾನು ಬರೆದುಕೊಳ್ಳಲಿಲ್ಲ.
ನಮ್ಮ ಪಡಸಾಲೆಯಲ್ಲೊಂದು ಕೊಳಗವಿದೆ, ಹಿತ್ತಾಳೆ ಕಟ್ಟಿನದು.
ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಾಕಿ ನಾನೇ ತಿಕ್ಕಿದ್ದೇನೆ,
ಈಗ ಅದರಲ್ಲಿ ಛತ್ರಿ ಇಡುತ್ತೇವೆ.
ಎಷ್ಟು ಸೇರು ಹಿಡಿಯುತ್ತದೆಂದು
ಒಮ್ಮೆಯೂ ಅಳೆದು ನೋಡಿಲ್ಲ.

"ನಿಮ್ದು ಯಾವ ಮನೆ ಅಂದೆ?"
ಹೇಳಿದೆ. ಅಜ್ಜನ ಹೆಸರೂ ಹೇಳಿದೆ.
ಕುಂಚ ನಿಂತಿತು,
ಒಂದೆಳೆ ಎಳೆಯುವಷ್ಟು ಹೊತ್ತು.
ಮತ್ತೆ ಜೋಗಿಜಡೆಯ ತುದಿ ಮುಗಿಸಿ, ತಲೆಯೆತ್ತದೆ,
"ಕೆಸಿನ ಸೊಪ್ಪು ಮಾಡಿದೀನಿ, ಉಂಡು ಹೋಗು.
ನಿಮ್ಮ ಕಡೆಯೋರು ನಮ್ಮನೇಲಿ ಉಣ್ತಿರಲಿಲ್ಲ. ನೀನು ಹೆಂಗೋ."

ಉಂಡೆ. ಗಂಟಲು ಕೆರೆಯಿತು.
ಹುಳಿ ಸಾಲದಾಗಿತ್ತೋ ಏನೋ, ಕೇಳಲಿಲ್ಲ.
ಇನ್ನೊಂದು ಸೌಟು ಹಾಕಿಸಿಕೊಂಡೆ.

ಹೊರಡುವಾಗ ಹೊಸ ಬುಟ್ಟಿಯ ಅಂಚಿನಲ್ಲಿ
ಆಗಲೇ ಒಂದು ಇರುವೆ.
ಊದಲು ಬಗ್ಗಿದೆ.

"ಇರ್ಲಿ ಬಿಡು," ಅಂದಳು.
"ಈ ಸಲದ್ದು ಅಕ್ಕಿ."