ಕಣ್ಣಿನ ಅಳತೆ

ಬೈತಖೋಲದ ಧಕ್ಕೆಯಲ್ಲಿ ನನ್ನ ಕೆಲಸ ಅಳೆಯುವುದು.
ದೇವಗಡದ ದೀಪ ಇನ್ನೂ ತಿರುಗುತ್ತಿರುವಾಗಲೇ ಬರುತ್ತೇನೆ,
ಒಂದು ಪ್ಲಾಸ್ಟಿಕ್ ಪಟ್ಟಿ, ಒದ್ದೆಯಾದ ವಹಿ,
ಕಿವಿಗೆ ಸಿಕ್ಕಿಸಿದ ಪೆನ್ಸಿಲು.
ಬಂಗಡೆ ಇಷ್ಟು, ತಾರ್ಲೆ ಇಷ್ಟು,
ಉಳಿದದ್ದೆಲ್ಲ ‘ಇತರೆ’.
ಇತರೆಯ ರಾಶಿ ವರ್ಷವರ್ಷಕ್ಕೂ ಎತ್ತರ.
ಸಲಿಕೆಯಲ್ಲಿ ತುಂಬಿ ಲಾರಿಗೆ ಸುರಿಯುತ್ತಾರೆ,
ಮೀನುಪುಡಿಯ ಕಾರ್ಖಾನೆಗೆ.

ಐಸ್ ಡಬ್ಬಗಳ ಆಚೆ ಮಾಂಕಾಳಿ ಹರಿಕಂತ್ರ,
ಒಣಗಿದ ಗಾಲ್ಮೊ ಮಾರುತ್ತ ಕೂತಿರುತ್ತಾಳೆ.
ಉಗುರಿನಷ್ಟೂ ಇಲ್ಲದ ಶೆಟ್ಲಿ.
ಸೇರಿಗೆ ಒಂದು ಮುಷ್ಟಿ ಕೊಸರು.
ಅದನ್ನು ಒಂದೊಂದಾಗಿ ಎಣಿಸಿದವರಿಲ್ಲ, ನಾನೂ ಎಣಿಸಿಲ್ಲ.

ಮೊನ್ನೆ ಬುಟ್ಟಿಯ ತಳದಿಂದ ಬಾಟಲಿಯೊಂದನ್ನು ತೆಗೆದಳು.
“ಮೊಣಕಾಲಿಗೆ ಡಾಕ್ಟರು ಬರೆದದ್ದು. ಓದಿ ಹೇಳೆ ತಂಗಿ, ಎಂತದು ಇದು?”
ಕೆಂಪು ಗುಳಿಗೆ. ಬೆಳಕಿಗೆ ಹಿಡಿದರೆ ದಾಳಿಂಬೆ ಕಾಳು.
ಕ್ರಿಲ್ ಎಣ್ಣೆ, ಎಂದು ಓದಿದೆ.
ದಕ್ಷಿಣದ ತುದಿಯ ಹಿಮದ ಕಡಲಲ್ಲಿರುತ್ತದೆ,
ನಿನ್ನ ಗಾಲ್ಮೊಗೆ ದೂರದ ನೆಂಟ.
ಅವಳು ಒಂದನ್ನು ಹಲ್ಲಲ್ಲಿ ಒಡೆದು ನಾಲಿಗೆಯಾಡಿಸಿದಳು.
“ಬಿಸಿಲು ಕಾಣದ್ದು,” ಎಂದಳು.
“ಸಾವಿರದ ಮುನ್ನೂರು ರೂಪಾಯಿ ಇದಕ್ಕೆ!
ಅಷ್ಟಕ್ಕೆ ಬುಟ್ಟಿ ಸಮೇತ ನಾನೇ ಎದ್ದು ಹೋಗ್ತಿದ್ದೆ.”

ಆಮೇಲೆ ಕೇಳಿದಳು: “ಅಲ್ಲಿ ಅದನ್ನ ಯಾರು ತಿಂತಾರೆ?”

ತಿಮಿಂಗಿಲ ಎಂದೆ. ಪೆಂಗ್ವಿನ್, ಸೀಲು, ಎಷ್ಟೋ ಹಕ್ಕಿ.
ಹಿಮದ ಹೊಟ್ಟೆಗೆ ಪಾಚಿ ಅಂಟಿರುತ್ತದೆ,
ತಲೆಕೆಳಗಾದ ಗದ್ದೆ,
ಮರಿಗಳು ಅಂಗಾತ ಈಜುತ್ತ ಚಳಿಗಾಲವಿಡೀ ಮೇಯುತ್ತವೆ.
ಹಿಮ ತೆಳುವಾದ ವರ್ಷ ಗದ್ದೆಯೂ ತೆಳು.
ಹಡಗುಗಳು ಬರುತ್ತವೆ. ಕೆಲವು ಬಲೆಯನ್ನು ಮೇಲೆತ್ತುವುದೇ ಇಲ್ಲ,
ನೀರಲ್ಲೇ ಬಿಟ್ಟು ಪೈಪಿನಿಂದ ಹೀರುತ್ತವೆ, ಹಗಲೂ ರಾತ್ರಿ.
ಇಷ್ಟೇ ಎಂದು ಮಿತಿ ಇದೆ, ಲೆಕ್ಕ ಬರೆಯುವವರು
ನನ್ನಂಥವರು ಹಡಗಿನಲ್ಲೇ ಇರುತ್ತಾರೆ.
ಆದರೆ ಎಲ್ಲ ಹಡಗೂ ಒಂದೇ ಮೂಲೆಗೆ,
ಪೆಂಗ್ವಿನ್ ತಾಯಿ ಮರಿಗೆ ತುತ್ತು ಹುಡುಕುವ ಮೂಲೆಗೇ
ನುಗ್ಗಿದರೆ...

“ಕಣಜ ತುಂಬಿದೆ ಅಂತ ಬಟ್ಟಲಿಗೇ ಕೈ ಹಾಕಿದ ಹಾಗೆ,”
ಎಂದಳು, ಗಿರಾಕಿಗೆ ಚಿಲ್ಲರೆ ಎಣಿಸುತ್ತ.

ಇನ್ನೊಂದು ಹೇಳಲೋ ಬೇಡವೋ ಎಂದುಕೊಂಡು ಹೇಳಿದೆ.
ಹಸಿದಾಗ ಕ್ರಿಲ್ ಕುಗ್ಗುತ್ತದೆ.
ಪೊರೆ ಕಳಚಿದಾಗೆಲ್ಲ ತೊಡುವುದು
ಹಿಂದಿನದಕ್ಕಿಂತ ಚಿಕ್ಕ ಅಂಗಿ.
ಕಣ್ಣು ಮಾತ್ರ ಅಷ್ಟು ಕುಗ್ಗುವುದಿಲ್ಲ.
ಚಿಕ್ಕ ಮೈಯಲ್ಲಿ ದೊಡ್ಡ ಕಣ್ಣು ಕಂಡರೆ
ಅದು ಮರಿಯಲ್ಲ,
ಉಪವಾಸ ಬಿದ್ದ ದೊಡ್ಡದು.

ಮಾಂಕಾಳಿ ಸುಮ್ಮನಾದಳು.
ಮಳೆಗಾಲದ ಎರಡು ತಿಂಗಳು, ಬೋಟು ಮೇಲೆ ಎಳೆದಿಟ್ಟಾಗ
ಅವಳ ರವಿಕೆ ಸಡಿಲವಾಗುವುದನ್ನು ನಾನು ಕಂಡಿದ್ದೇನೆ.
ಅದನ್ನು ಅಳೆದಿಲ್ಲ.

“ನಮ್ಮಲ್ಲಿ ಉಲ್ಟಾ ನೋಡು,” ಎಂದಳು ಕೊನೆಗೆ.
“ಬೋಟಿನ ಮೈ ಬೆಳೀತು, ಬಲೆಯ ಕಣ್ಣು ಕುಗ್ಗಿತು.
ನನ್ನ ಮಾವ ಬಂಗಡೆ ಬಲೆ ಹೆಣೆಯುವಾಗ
ಎರಡು ಬೆರಳು ತೂರಿಸಿ ನೋಡ್ತಿದ್ದ.
ತೂರದಿದ್ರೆ ಬಿಚ್ಚಿ ಮತ್ತೆ ಹೆಣೀತಿದ್ದ.
ಮರಿ ಹೋಗ್ಲಿ, ಮುಂದಿನ ವರ್ಷ ನಮ್ಮಲ್ಲಿಗೇ ಬತ್ತದೆ ಅಂತಿದ್ದ.”
ತುಸು ತಡೆದು, ಬುಟ್ಟಿಯ ಕಡೆ ನೋಡಿ,
“ಗಾಲ್ಮೊ ಹಿಡಿಯೋ ಬಲೆಗೆ ಸೀರೆಯಷ್ಟೇ ಕಣ್ಣು, ಸುಳ್ಳು ಯಾಕೆ.
ಅದರೊಳಗೆ ಬೇರೆ ಮರಿ ಬಿದ್ರೆ
ಹೆಕ್ಕಿ ನೀರಿಗೆ ಬಿಡೋಕೆ ಪುರಸೊತ್ತು
ಆಗ ಇತ್ತು.”

ಅಷ್ಟರಲ್ಲಿ ಬೋಟೊಂದು ಟೈರುಗಳಿಗೆ ತಾಗಿತು.
ಹಿಂಬಲೆಯ ಚೀಲವನ್ನು ಎಳೆದು ಹಾಕಿದರು.
ಅವಳು ಮೊಣಕಾಲು ಹಿಡಿದು ಎದ್ದು ಬಂದು
ಕಿರುಬೆರಳನ್ನು ಬಲೆಯ ಕಣ್ಣಿಗೆ ಒತ್ತಿದಳು.
ಹೋಗಲಿಲ್ಲ.
ತಾಂಡೇಲ ನಕ್ಕ. ನಾನು ಪಟ್ಟಿಯಿಟ್ಟು ಅಳೆದು ಬರೆದುಕೊಂಡೆ,
ಬೆರಳಿನ ಹೆಸರಿಲ್ಲದೆ.

ಬಾಟಲಿ ಏನು ಮಾಡ್ತೀಯೆ ಎಂದು ಕೇಳಿದೆ.
“ನುಂಗ್ತೆ. ಕಾಲು ನೋಯ್ತದಲ್ಲೆ.
ಕೊಟ್ಟ ದುಡ್ಡು, ಸತ್ತ ಶೆಟ್ಲಿ,
ಎರಡೂ ತಿರುಗಿ ಬರೂದಿಲ್ಲ.”
ಮುಚ್ಚಳ ತಿರುವಿದಳು.
“ಇನ್ನೊಂದು ಬಾಟ್ಲಿ ತರೂದಿಲ್ಲ.”