ಇನ್ನೊಬ್ಬ ದುಗ್ಗಮ್ಮ

ಆರುನೂರಾ ಹನ್ನೊಂದು.
ಬ್ಯಾಂಕಿನ ಹುಡುಗ ಪರದೆಯನ್ನು ನನ್ನ ಕಡೆ ತಿರುಗಿಸಲಿಲ್ಲ,
ಬಾಯಲ್ಲೇ ಹೇಳಿದ, ಜ್ವರ ಎಷ್ಟಿದೆ ಅಂತ ಹೇಳುವ ಹಾಗೆ.
ಓವರ್‌ಲಾಕ್ ಮಷಿನ್ನಿನ ಕೊಟೇಷನ್ನು ಮಡಿಚಿ
ಅಶೋಕ ರಸ್ತೆಗೆ ಬರುವಷ್ಟರಲ್ಲಿ ಗೇಟು ಬಿತ್ತು.
ಗೂಡ್ಸು ಗಾಡಿ. ಐವತ್ತೆಂಟು ಡಬ್ಬಿ, ಎಣಿಸಿದೆ.
ಅವತ್ತು ಅದೊಂದೇ ಲೆಕ್ಕ ಸರಿಹೋದದ್ದು.

'ವರ್ಷಕ್ಕೊಂದು ಪುಕ್ಕಟೆ ಬರ್ತೈತಕ್ಕ, ಪ್ರಿಂಟಿಂದಷ್ಟೇ ಕೊಡ್ರಿ'
ಅಂದ ಸೈಬರಿನ ತಿಪ್ಪೇಶಿ.
ಹದಿನಾಲ್ಕು ಹಾಳೆ, ಎಪ್ಪತ್ತು ರೂಪಾಯಿ.
ರಾತ್ರಿ ಮಗಳು ಓದಿದಳು,
ನಾನು ಚಾಕ್‌ಪೀಸಿನಿಂದ ಗುರುತು ಹಾಕುತ್ತಾ ಹೋದೆ,
ಬ್ಲೌಸಿಗೆ ಹಾಕುವ ಹಾಗೆ.
ಆರನೆಯ ಹಾಳೆಯಲ್ಲಿ ಒಂದು ಸ್ಕೂಟರು ನಿಂತಿತ್ತು!
ಹರಿಹರದ್ದು. ಹದಿನೇಳು ಕಂತು ಬಾಕಿ.
ನಾನು ಸೈಕಲ್ಲೂ ತುಳಿದವಳಲ್ಲ.

ಹೆಸರು ದುಗ್ಗಮ್ಮ. ಇನಿಷಿಯಲ್ಲು ಎಚ್.
ಹುಟ್ಟಿದ ತಾರೀಕು ಜೂನ್ ಒಂದು.
ಅದು ನಾನು ಹುಟ್ಟಿದ ದಿನವಲ್ಲ, ಬಹುಶಃ ಅವಳೂ ಅಲ್ಲ,
ಶಾಲೆಗೆ ಸೇರಿಸಿಕೊಂಡ ಮೇಷ್ಟ್ರಿಗೆ ನೆನಪಾದ ದಿನ.
ಈ ಊರಲ್ಲಿ ದುಗ್ಗಮ್ಮಾ ಎಂದು ಕೂಗಿದರೆ
ಗುಡಿಯೊಳಗಿನವಳೂ ಸೇರಿ ಎಷ್ಟು ಜನ ತಿರುಗುತ್ತಾರೋ.
ಕಂಪ್ಯೂಟರು ಒಬ್ಬಳೇ ಎಂದುಕೊಂಡಿತು.

ಮಂಡಿಪೇಟೆಯ ಏಜೆಂಟು ಮನೆಗೇ ಬಂದ.
'ಐದು ಸಾವಿರ ಕೊಡ್ರಿ, ವಾರದಾಗ ಎಂಟ್ನೂರು ಮಾಡಸ್ತೀನಿ.'
ಇಪ್ಪತ್ತು ವರ್ಷ ಆಲ್ಟ್ರೇಷನ್ ಮಾಡಿದ ಕೈ ನನ್ನದು.
ಹಳೇ ಹೊಲಿಗೆ ಬಿಚ್ಚದೆ ಮೇಲೊಂದು ಹಾಕಿದರೆ
ಎರಡು ಒಗೆತಕ್ಕೆ ಎಳೆಯುತ್ತದೆ.
ಚಾ ಕೊಟ್ಟು ಕಳಿಸಿದೆ.

ದೂರು ಬರೆದೆವು. ಆಧಾರು, ಪ್ಯಾನು, ಕರೆಂಟು ಬಿಲ್ಲು.
ಈ ಸಾಲ ನನ್ನದಲ್ಲ.
ಮೂವತ್ತು ದಿನ ಕಾಯಬೇಕಂತೆ.
ಲಂಗದ ಅಂಚು ಮಡಚುತ್ತಾ ಕಾದೆ, ಕಾಯುವಾಗೆಲ್ಲ ಅವಳೇ.
ಸ್ಕೂಟರಿನ ಮುಂದೆ ಏನಿಡುತ್ತಿದ್ದಳು?
ಹೂವಿನ ಬುಟ್ಟಿಯೋ, ಮಂಡಕ್ಕಿ ಚೀಲವೋ, ಮಗುವೋ?
ಮೊದಲ ಕಂತು ತಪ್ಪಿದ ತಿಂಗಳು ಏನಾಗಿತ್ತು?
ಇಪ್ಪತ್ತಾರನೆಯ ದಿನ ಮೆಸೇಜು ಬಂತು: ತೆಗೆಯಲಾಗಿದೆ.
ಮಗಳು ಕುಣಿದಳು.
ನನ್ನದಲ್ಲ ಎಂದು ನಾನು ಹಾಕಿದ ಸಹಿಯಿಂದ
ಹರಿಹರದಲ್ಲಿ ಎಲ್ಲೋ
ಅದು ಪೂರ್ತಿ ಅವಳದಾಯಿತು.

ಆದರೆ ಒಂಬತ್ತನೆಯ ಹಾಳೆ ನನ್ನದೇ.
ಟೀವಿ. ನಾಕು ಕಂತು ತಪ್ಪಿದ್ದೆ.
'ಅರ್ಧ ಕಟ್ರಿ, ಸೆಟ್ಲ್ ಮಾಡೋಣ' ಅಂತ ಫೋನು.
ಕಟ್ಟಿದೆ, ಪಕ್ಕದ ಮನೆಗೆ ಸಕ್ಕರೆಯನ್ನೂ ಕೊಟ್ಟೆ.
ಸೆಟ್ಲ್ ಅಂದರೆ ನಮ್ಮ ಕಡೆ ಮುಗೀತು ಅಂತ.
ಅವರ ಪಟ್ಟಿಯಲ್ಲಿ ಮುಗಿದಿಲ್ಲ ಅಂತ.
'ಇದನ್ನೂ ನಿಂದಲ್ಲ ಅಂತ ಬರೀಲೇನವ್ವಾ?'
ಸ್ವಲ್ಪ ಹೊತ್ತು ಸುಮ್ಮನಿದ್ದೆ.
ಇಲ್ಲ ಅಂದೆ, ಆದರೆ ಆ ಸ್ವಲ್ಪ ಹೊತ್ತು
ಇದ್ದದ್ದಂತೂ ನಿಜ.

ಮೂರು ಸಾವಿರದ ಎಂಟುನೂರಾ ಅರವತ್ತು.
ನೂರಕ್ಕೂ ಹೆಚ್ಚು ಲಂಗ, ಎಣ್ಣೆ ಕಾಣದ ಮಷಿನ್ನು,
ನಡುವೆ ಸೂಜಿ ಮುರಿದು ಬೆರಳಿಗೆ ಚುಚ್ಚಿದ್ದು ಬೇರೆ.
ಕಟ್ಟಿದ ಮೇಲೆ ಬಾಕಿ ಇಲ್ಲ ಎಂಬ ಕಾಗದಕ್ಕೆ
ಆರು ಸಲ ಅಲೆದೆ.
ಏಳನೆಯ ಸಲ ಕೊಟ್ಟರು,
ನನ್ನ ಹೆಸರಿನಲ್ಲಿ ಒಂದು ಮ ಬಿಟ್ಟು.
ವಾಪಸು ಕೊಟ್ಟೆ. ಬರೆಸಿಕೊಂಡೇ ಬಂದೆ.
ಒಂದು ಅಕ್ಷರ ಬಿಟ್ಟರೆ ಯಾವಳು ಬಂದು ಸೇರುತ್ತಾಳೋ!

ಈಗ ಆರುನೂರಾ ಎಂಬತ್ನಾಲ್ಕು.
ಏಳುನೂರು ಆಗಲಿ ಬನ್ನಿ ಅಂದ ಬ್ಯಾಂಕಿನ ಹುಡುಗ.
ಈ ಸಲ ಪರದೆ ತಿರುಗಿಸಿದ.
ಕೊಟೇಷನ್ನು ಮಡಿಕೆಯ ಗೆರೆಯಲ್ಲೇ ಹರಿದಿತ್ತು,
ಟೇಪು ಹಚ್ಚಿ ಇಟ್ಟಿದ್ದೇನೆ.

ಗೇಟು ಬಿದ್ದಿತ್ತು. ಸ್ಕೂಟರುಗಳ ಹಿಂಡು, ಹಾರ್ನು, ಹೊಗೆ.
ಯಾರೋ ಹಿಂದಿನಿಂದ ದುಗ್ಗಮ್ಮಾ ಅಂದರು.
ಕೂಡಲೇ ತಿರುಗಲಿಲ್ಲ ನಾನು.
ಅವಳು ಮೊದಲು ತಿರುಗಲಿ ಎಂದು
ಒಂದು ಗಳಿಗೆ ಕಾದೆ.