ಬೆನ್ನು ತೋರಿಸದೆ

ಗ್ಯುಮ್ರಿಯ ಚಳಿಗೆ ಕನಿಕರವಿಲ್ಲ, ದೇವರೇ,
ನಿನಗೇ ಗೊತ್ತು, ನಿನ್ನ ಕರಿಗಲ್ಲ ಗೋಡೆಯನ್ನೂ ಅದು ಬಿಟ್ಟಿಲ್ಲ.
ನಾನು ವರ್ದುಹಿ. ಮರಳು ತುಂಬಿದ ತಟ್ಟೆಯಿಂದ
ಮೇಣದಬತ್ತಿಯ ಮೋಟುಗಳನ್ನು ಕೀಳುವವಳು.

ಉರಿದು ಉಳಿದದ್ದನ್ನು ಡಬ್ಬಿಗೆ ತುಂಬಬೇಕು,
ಸಂಜೆ ಕರಗಿಸಬೇಕು, ನಾಳೆಗೆ ಅದೇ ಹೊಸ ಬತ್ತಿ.
ಯಾರು ಏನು ಬೇಡಿದರೋ ನನಗೆ ತಿಳಿಯದು.
ವಾಲಿದ ಬಗೆ ನೋಡಿ ಒಂದಿಷ್ಟು ಊಹಿಸುತ್ತೇನೆ:
ಆತುರದಲ್ಲಿ ನೆಟ್ಟದ್ದು ಸಾಲಗಾರನದು.
ಎರಡು ಬತ್ತಿ ಮೈಗೆ ಮೈ ಅಂಟಿ ಉರಿದಿದ್ದರೆ
ಹೊಸದಾಗಿ ಮದುವೆಯಾದವರು,
ಇಲ್ಲವೇ ಬೇರೆಯಾಗಲು ನಿಶ್ಚಯಿಸಿದವರು.

ಆ ಡಿಸೆಂಬರ್ ಬೆಳಿಗ್ಗೆ
ಕಾಲುಚೀಲದ ಕಾರ್ಖಾನೆಯಲ್ಲಿ
ಹಿಮ್ಮಡಿ ಹೆಣೆಯುವ ಯಂತ್ರದ ಮುಂದಿದ್ದೆ.
ನೆಲ ಒಮ್ಮೆ ಉಸಿರೆಳೆದುಕೊಂಡಿತು.
ಅಷ್ಟೇ.
ಶಾಲೆ ಇದ್ದ ಜಾಗದಲ್ಲಿ ಧೂಳು ನಿಂತಿತ್ತು
ಶಾಲೆಯಷ್ಟೇ ಎತ್ತರಕ್ಕೆ.
ನನ್ನ ಅರ್ತಾಕ್‌ಗೆ ಒಂಬತ್ತು.
ಒಂದು ಕೈಗವಸು ಮೆಟ್ಟಿಲಲ್ಲಿ ಬೀಳಿಸಿಕೊಂಡು ಹೋಗಿದ್ದ,
ಹಿಂದಿನಿಂದ ಕೂಗಿ ಬೈದಿದ್ದೆ.
ಅದು ನನ್ನ ಜೇಬಿನಲ್ಲಿತ್ತು.

ಎರಡೇ ವರ್ಷಕ್ಕೆಂದು ಡೋಮಿಕ್ ಕೊಟ್ಟರು,
ಸರಕಿನ ರೈಲಿನಿಂದ ಇಳಿಸಿದ ಕಬ್ಬಿಣದ ಪೆಟ್ಟಿಗೆ.
ಒಲೆಗೆ ಹಳೆಯ ಬೂಟು ಹಾಕಿದೆ, ಕುರ್ಚಿಯ ಕಾಲು ಹಾಕಿದೆ,
ಕೊನೆಗೆ ಮದುವೆಯ ಪೆಟಾರಿ.
ಮನೆಗಳ ಪಟ್ಟಿಯಲ್ಲಿ ನನ್ನದು ಆರುನೂರ ಹನ್ನೆರಡು.
ಅಧಿಕಾರಿಗಳು ಬದಲಾದರು, ಬಾವುಟ ಬದಲಾಯಿತು,
ಸಂಖ್ಯೆಯೊಂದೇ ನಿಯತ್ತಿನದು.
ಗಂಡ ಮಾರ್ತುನ್ ಗಾರೆ ಕೆಲಸಕ್ಕೆ ರಷ್ಯಾಕ್ಕೆ ಹೋದ.
ಮೊದಲು ಹಣ ಬಂತು, ಆಮೇಲೆ ಬರೀ ಕಾಗದ,
ಆಮೇಲೆ ಒಂದು ಫೋಟೋ,
ಅವನ ತೊಡೆಯ ಮೇಲೆ ಅವನದೇ ಮೂಗಿನ ಮಗು.

ಮುಚ್ಚುಮರೆ ಯಾಕೆ?
ಹನ್ನೊಂದು ವರ್ಷ ನಿನಗೆ ಬೆನ್ನು ತಿರುಗಿಸಿದೆ.
ಗಂಟೆ ಬಾರಿಸಿದಾಗೆಲ್ಲ ತಗಡಿನ ಕಿಟಕಿ ಮುಚ್ಚಿದೆ.

ಒಂದು ಸಂಜೆ, ಸೌದೆ ಹುಡುಕುತ್ತ,
ಅಡ್ಡದಾರಿಯೆಂದು ನಿನ್ನ ಅಂಗಳ ಹೊಕ್ಕೆ.
ನಿನ್ನ ಗೋಪುರ ನೆಲದಲ್ಲಿತ್ತು,
ಕುಡುಕನ ತಲೆಯಿಂದ ಜಾರಿದ ಟೋಪಿಯ ಹಾಗೆ.
ಮೇಲೆ ಹಿಮ. ಕೆಳಗಿನ ಪೊಟರೆಯಲ್ಲಿ
ಬೀದಿನಾಯಿಯೊಂದು ಮರಿ ಹಾಕಿತ್ತು.
ನಕ್ಕೆ. ಒಳ್ಳೆಯ ನಗುವಲ್ಲ.
ನಿನಗೂ ಸೂರಿಲ್ಲವಲ್ಲ, ಅಂದೆ,
ಪಟ್ಟಿಯಲ್ಲಿ ನಿನ್ನ ಸಂಖ್ಯೆ ಎಷ್ಟು?

ಕೇಳುತ್ತಿದ್ದಂತೆ ನಗು ಗಂಟಲಲ್ಲೇ ಮುರಿಯಿತು.
ಅಲ್ಲೇ ಕೂತೆ.

ಉತ್ತರ ಬರಲಿಲ್ಲ.
ಬಂತು ಎನ್ನುವವರನ್ನು ನಾನು ಹೆಚ್ಚು ನಂಬುವುದೂ ಇಲ್ಲ.
ಆದರೆ ಆ ಕೈಗವಸಿನ ಮಾತನ್ನು,
ಹನ್ನೊಂದು ವರ್ಷ ಯಾರಿಗೂ ಹೇಳದ್ದನ್ನು,
ಬಿದ್ದ ಕಲ್ಲಿಗೆ ಬಾಯಿಟ್ಟು ಹೇಳಿದೆ.
ನಾಯಿ ಕಿವಿ ನಿಮಿರಿಸಿತು, ಬೊಗಳಲಿಲ್ಲ.
ಎದ್ದಾಗ ಕತ್ತಲಾಗಿತ್ತು.
ಸೌದೆ ಸಿಕ್ಕಿರಲಿಲ್ಲ. ಆ ರಾತ್ರಿ ನಿದ್ದೆ ಬಂತು.

ನಿನ್ನ ಗೋಡೆಗೆ ಈಗ ಹೊಸ ಕಲ್ಲು ಕೂತಿದೆ.
ನಾನಿನ್ನೂ ಕಬ್ಬಿಣದಲ್ಲೇ ಇದ್ದೇನೆ.
ಪಕ್ಕದ ಡೋಮಿಕ್‌ನ ಮುದುಕ ಹೈರಾಪೆತ್ ಕೆಣಕುತ್ತಾನೆ:
ಅವನ ಮನೆ ಗುಡಿಸಿ ನಿನಗೇನು ದಕ್ಕಿತು?
ಹೇಳಲು ಬರುವುದಿಲ್ಲ.
ಲವಾಶ್ ಹರಿದು ಅರ್ಧ ಅವನ ಕೈಗಿಡುತ್ತೇನೆ.
ತಿನ್ನುತ್ತಲೇ ಮತ್ತೆ ಕೇಳುತ್ತಾನೆ.

ನಮ್ಮಲ್ಲಿ, ಹೊರಡುವಾಗ ನಿನಗೆ ಬೆನ್ನು ತೋರಿಸಬಾರದು,
ಮುಖ ಇತ್ತ ಇಟ್ಟು ಹಿಂದೆ ಹಿಂದೆ ನಡೆಯಬೇಕು.
ಮಂಡಿ ನೋಯುತ್ತದೆ.
ಹೊಸ್ತಿಲು ಎಲ್ಲೆಂದು ಹಿಮ್ಮಡಿಗೆ ಗೊತ್ತು.
ಬೆನ್ನ ಹಿಂದೆ ಮಂಜುಗಡ್ಡೆ, ಕತ್ತಲು, ತಗಡಿನ ಬಾಗಿಲು.
ಕಣ್ಣ ಮುಂದೆ, ಮರಳಲ್ಲಿ,
ಯಾರದೋ ಒಂದು ಬತ್ತಿ ಇನ್ನೂ ಆರಿಲ್ಲ.
ಆರುವ ತನಕ ನಿಂತೇ ಇರುತ್ತೇನೆ,
ಅರ್ಧ ಒಳಗೆ, ಅರ್ಧ ಹೊರಗೆ.

ಬಾಗಿಲು ಹಾಕಮ್ಮ, ಚಳಿ ಒಳಗೆ ಬರುತ್ತದೆ,
ಎಂದು ಪಾದ್ರಿ ಗೊಣಗುತ್ತಾನೆ.
ಬರಲಿ ಬಿಡಿ, ಅನ್ನುತ್ತೇನೆ,
ಅದಕ್ಕೂ ಬೇರೆ ಮನೆಯಿಲ್ಲ.